ಗಣಿನೆಲದ ಪುನಶ್ಚೇತನದಲ್ಲಿ ಮೂಲನಿವಾಸಿಗಳ ಪಾಲು: ಸಂಡೂರಿನ ಅನುಭವ ಮತ್ತು ಕೃಷ್ಣಾತೀರದ ವಿಚಾರ

೧. ವಿಷಯಪ್ರವೇಶ

ಗಲಗಲಿ, ಬೀಳಗಿ, ಬಾಗಲಕೋಟೆಗಳ ಕಡೆಯ ಕೃಷ್ಣಾತೀರದ ಜನರಿಗೆ ‘ಆರ್ ಅಂಡ್ ಆರ್’ ಎಂಬ ಮಾತು ಮನೆಮಾತಾಗಿದೆ. ೧೯೬೪ರಲ್ಲಿ ಅಡಿಗಲ್ಲನ್ನು ಪಡೆದ ಆಲಮಟ್ಟಿಯ ಅಣೆಕಟ್ಟು ೫೧೯.೬೦ ಮೀಟರಿನ ಮಟ್ಟಕ್ಕೆ ನೀರನ್ನು ಹಿಡಿದಾಗ ಹಿನ್ನೀರಿನಲ್ಲಿ ಹೊಲಗಳೂ ಊರುಗಳೂ ಮುಳುಗಿದುವು. ೨೦೧೦ರಲ್ಲಿ ನದೀಜಲ ನ್ಯಾಯಾಧಿಕರಣವು ಆ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟ ತರುವಾಯ ಇನ್ನಷ್ಟು ನೆಲದ ಪ್ರಶ್ನೆ ಎದ್ದಿತು. ಇಲ್ಲಿ ‘ಆರ್ ಅಂಡ್ ಆರ್’ ಎಂದರೆ ಪುನರ್ವಸತಿ ಮತ್ತು ಪುನರ್ನಿರ್ಮಾಣ. ಎಂದರೆ ನೆಲೆ ತಪ್ಪಿದ ಮನುಷ್ಯರಿಗೆ ಬೇರೆ ನೆಲೆಯನ್ನು ಒದಗಿಸುವ ಕಾರ್ಯ.

ಇಲ್ಲಿಂದ ಆಗ್ನೇಯಕ್ಕೆ ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಹೋದರೆ ಅಲ್ಲಿಯೂ ಅದೇ ‘ಆರ್ ಅಂಡ್ ಆರ್’ ಎಂಬ ಮಾತು ಕಿವಿಗೆ ಬೀಳುವುದು. ಆದರೆ ಅಲ್ಲಿ ಅದರ ಅರ್ಥವೇ ಬೇರೆ. ಕಬ್ಬಿಣದ ಅದಿರನ್ನು ತೆಗೆದು ಕೆಟ್ಟುಹೋದ ಬೆಟ್ಟವನ್ನು ಸರಿಪಡಿಸುವ ಕಾರ್ಯಕ್ಕೆ, ಎಂದರೆ ನೆಲದ ಪುನಶ್ಚೇತನ ಮತ್ತು ಪುನರ್ವಸತಿಗೆ, ಆ ಹೆಸರು ಸಂದಿದೆ. ಕೃಷ್ಣಾತೀರದಲ್ಲಿ ಮನುಷ್ಯನಿಗೆ ಸಂಬಂಧಿಸಿದ ಮಾತು ಸಂಡೂರಿನಲ್ಲಿ ಮಣ್ಣಿಗೆ ಸಂಬಂಧಿಸಿದುದಾಗಿದೆ. ಒಂದೆಡೆ ನೆಲವನ್ನು ಮರೆತು ಮನುಷ್ಯನನ್ನು ಕುರಿತು ಯೋಜನೆ ನಡೆಯಿತು. ಇನ್ನೊಂದೆಡೆ ಮನುಷ್ಯನನ್ನು ಬದಿಗಿರಿಸಿ ನೆಲವನ್ನು ಕುರಿತು ಯೋಜನೆ ನಡೆಯಿತು. ಈ ಎರಡನ್ನೂ ಕೂಡಿಸಿ ನೋಡಬೇಕಾದ ಅಗತ್ಯವೇನು, ಗಣಿ ನಡೆಸಿದವರೂ ಆ ನೆಲದ ಮೂಲನಿವಾಸಿಗಳೂ ಜೊತೆಗೂಡಿ ಕೆಟ್ಟ ನೆಲವನ್ನು ಸರಿಪಡಿಸುವುದು ಸಾಧ್ಯವೆ, ಸಾಧ್ಯವಾದರೆ ಯಾವ ನಿಬಂಧನೆಗಳ ಮೇಲೆ, ಎಂಬ ವಿಷಯಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

೨. ಮೂಲನಿವಾಸಿಗಳು ಮತ್ತು ಕಾನೂನಿನ ಸ್ಥಿತಿ

ಮೊದಲು ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ೨೦೦೭ರಲ್ಲಿ ವಿಶ್ವಸಂಸ್ಥೆಯು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅವರ ನೆಲದ ಮೇಲೆ ಪರಿಣಾಮವನ್ನುಂಟುಮಾಡುವ ಯಾವುದೇ ಯೋಜನೆಗೆ, ವಿಶೇಷವಾಗಿ ಖನಿಜಗಳನ್ನು ತೆಗೆಯುವ ಯೋಜನೆಗೆ, ಅವರ ಮುಕ್ತವಾದ ಮತ್ತು ತಿಳಿವಳಿಕೆಯಿಂದ ಕೂಡಿದ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಲು ಸರಕಾರಗಳು ಯತ್ನಿಸಬೇಕೆಂಬುದು ಅದರ ಮುಖ್ಯ ತತ್ತ್ವಗಳಲ್ಲಿ ಒಂದು. ಭಾರತದ ಸಂವಿಧಾನದಲ್ಲಿ ‘ಮೂಲನಿವಾಸಿ’ ಎಂಬ ಪದವಿಲ್ಲ. ‘ಪರಿಶಿಷ್ಟ ಪಂಗಡ’ ಎಂಬ ಪದವಿದೆ. ಕರ್ನಾಟಕದಲ್ಲಿ ಸೋಲಿಗ, ಜೇನುಕುರುಬ, ಮಲೆಕುಡಿಯ, ಹಸಲರು ಮುಂತಾದ ಅರಣ್ಯವಾಸಿಗಳೂ ಬಯಲುಸೀಮೆಯ ನಾಯಕರೂ ಈ ಪಟ್ಟಿಯಲ್ಲಿ ಸೇರಿದ್ದಾರೆ. ೨೦೧೧ರ ಜನಗಣತಿಯ ಪ್ರಕಾರ ಅಂದಿನ ಬಳ್ಳಾರಿ ಜಿಲ್ಲೆಯ ಜನರಲ್ಲಿ ನೂರಕ್ಕೆ ಸುಮಾರು ಹದಿನೆಂಟು ಮಂದಿ ಪರಿಶಿಷ್ಟ ಪಂಗಡದವರು. ಸಂಡೂರಿನ ಬೆಟ್ಟಗಳ ಸುತ್ತಿನಲ್ಲಿ ನಾಯಕರಲ್ಲದೆ ಲಂಬಾಣಿಗರ ತಾಂಡಾಗಳೂ ಕುರಿಗಾಹಿಗಳ ಊರುಗಳೂ ಉಂಟು. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಗೆ ಸೇರಿದವರು. ಆದಕಾರಣ ಕಾನೂನಿನ ಪಟ್ಟಿಯೊಂದನ್ನೇ ಹಿಡಿದು ನಡೆದರೆ ಬೆಟ್ಟವನ್ನು ನಂಬಿ ಬಾಳಿದ ಎಲ್ಲರೂ ಅದರೊಳಗೆ ಬರುವುದಿಲ್ಲ.

ಎರಡನೆಯ ವಿಷಯ ಇದಕ್ಕಿಂತಲೂ ಮಹತ್ವದ್ದು. ಸಂವಿಧಾನದ ಐದನೆಯ ಅನುಸೂಚಿಯು ಕೆಲವು ಪ್ರದೇಶಗಳನ್ನು ‘ಅನುಸೂಚಿತ ಪ್ರದೇಶ’ಗಳೆಂದು ಗುರುತಿಸಿ ಅಲ್ಲಿಯ ಪಂಗಡಗಳ ನೆಲಕ್ಕೆ ವಿಶೇಷ ರಕ್ಷಣೆಯನ್ನು ಕೊಟ್ಟಿದೆ. ಇದರ ಬಲದಿಂದಲೇ ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶದ ‘ಸಮತಾ’ ಪ್ರಕರಣದಲ್ಲಿ, ಅಂತಹ ಪ್ರದೇಶದ ಭೂಮಿಯನ್ನು ಪಂಗಡದವರಲ್ಲದ ಖಾಸಗಿ ಗಣಿಗಾರರಿಗೆ ಗುತ್ತಿಗೆ ಕೊಡಕೂಡದೆಂದು ತೀರ್ಪಿತ್ತಿತು. ಗಣಿಯ ನಿವ್ವಳ ಲಾಭದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನಾದರೂ ಸ್ಥಳೀಯರ ನೀರು, ಶಾಲೆ, ಆಸ್ಪತ್ರೆ ಮೊದಲಾದುವುಗಳಿಗೆ ಶಾಶ್ವತ ನಿಧಿಯಾಗಿ ತೆಗೆದಿರಿಸಬೇಕೆಂದೂ ಹೇಳಿತು. ಆದರೆ ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೆಂಬುದೇ ಇಲ್ಲ. ಆದುದರಿಂದ ಒಡಿಶಾದ ಅಥವಾ ಝಾರ್ಖಂಡದ ಆದಿವಾಸಿಗೆ ದೊರೆಯುವ ರಕ್ಷಣೆಯಲ್ಲಿ ಒಂದು ಭಾಗವು ಸಂಡೂರಿನ ನಾಯಕನಿಗೆ ದೊರೆಯುವುದಿಲ್ಲ.

ಆದರೂ ಒಂದು ಬಾಗಿಲು ತೆರೆದಿದೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಅನುಸೂಚಿತ ಪ್ರದೇಶಗಳಿಗೆ ಮಾತ್ರವಲ್ಲದೆ ದೇಶದ ಅರಣ್ಯಭೂಮಿಗೆಲ್ಲ ಅನ್ವಯಿಸುವುದು. ತಾವು ರೂಢಿಯಿಂದ ಕಾಪಾಡಿಕೊಂಡು ಬಂದ ಸಾಮುದಾಯಿಕ ಅರಣ್ಯವನ್ನು ರಕ್ಷಿಸುವ, ಪುನಃ ಬೆಳೆಸುವ ಮತ್ತು ನಿರ್ವಹಿಸುವ ಹಕ್ಕನ್ನು ಅದು ಅರಣ್ಯವಾಸಿಗಳಿಗೆ ಕೊಟ್ಟಿದೆ. ಗ್ರಾಮಸಭೆಗೆ ಅಧಿಕಾರವನ್ನೂ ವಹಿಸಿದೆ. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಇಂತಹ ಸಾಮುದಾಯಿಕ ಹಕ್ಕುಗಳು ಮಾನ್ಯವಾದುವು. ‘ಪುನಃ ಬೆಳೆಸುವ ಹಕ್ಕು’ ಎಂಬ ಮಾತನ್ನು ಓದುಗರು ಗಮನಿಸಬೇಕು. ಕೆಟ್ಟ ಅರಣ್ಯವನ್ನು ಸರಿಪಡಿಸುವುದು ಕೇವಲ ಕಂಪನಿಯ ಕರ್ತವ್ಯವೂ ಅಲ್ಲ, ಇಲಾಖೆಯ ಕೃಪೆಯೂ ಅಲ್ಲ. ಅದು ಅಲ್ಲಿಯ ಜನರ ಹಕ್ಕು ಎಂಬ ಭಾವನೆ ಇದರಲ್ಲಿ ಅಡಗಿದೆ.

೩. ಗಣಿಯ ಗಾಯದ ಮೂರು ಬಗೆಗಳು

ಎಲ್ಲ ಗಣಿಗಳೂ ನೆಲವನ್ನು ಒಂದೇ ಬಗೆಯಾಗಿ ಕೆಡಿಸುವುದಿಲ್ಲ. ಆದುದರಿಂದ ಅವುಗಳ ಚಿಕಿತ್ಸೆಯೂ ಒಂದೇ ಬಗೆಯಾಗಿರಲಾರದು. ನಮ್ಮ ರಾಜ್ಯದಲ್ಲಿಯೇ ಮೂರು ಬಗೆಗಳನ್ನು ಕಾಣಬಹುದು.

ಮೊದಲನೆಯದು ಕೋಲಾರದ ಚಿನ್ನದ ಗಣಿ. ೧೮೮೦ರ ದಶಕದಿಂದ ನಡೆದುಬಂದ ಆ ಗಣಿಯು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಅಲ್ಲಿ ಅದಿರನ್ನು ನುಣ್ಣಗೆ ಅರೆದು ಸಯನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಉಳಿದ ಪುಡಿಯು ಹದಿಮೂರು ದಿಬ್ಬಗಳಾಗಿ ಊರಿನ ನಡುವೆಯೇ ನಿಂತಿದೆ. ಅದರ ಮೊತ್ತ ಮೂರು ಕೋಟಿ ಟನ್ನಿಗೂ ಮಿಕ್ಕುದು. ಬೇಸಗೆಯ ಗಾಳಿಗೆ ಈ ಪುಡಿ ಹಾರಿ ಮನೆಗಳನ್ನು ಹೊಗುವುದು. ಮಳೆಗೆ ಕರಗಿ ಹಳ್ಳವನ್ನು ಸೇರುವುದು. ಇಲ್ಲಿಯ ಗಾಯ ಧೂಳಿನದು ಮತ್ತು ವಿಷದ್ದು.

ಎರಡನೆಯದು ಪಶ್ಚಿಮಘಟ್ಟದ ಕುದುರೆಮುಖ. ೧೯೭೬ರಲ್ಲಿ ಸ್ಥಾಪಿತವಾದ ಸರಕಾರಿ ಕಂಪನಿಯು ಅಲ್ಲಿ ಮ್ಯಾಗ್ನಟೈಟ್ ಅದಿರನ್ನು ತೆಗೆದು ಅರೆದು, ನೀರಿನಲ್ಲಿ ಬೆರಸಿ, ಸುಮಾರು ೬೭ ಕಿಲೋಮೀಟರಿನ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿತ್ತು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಎತ್ತರವಾದ ಅಣೆಕಟ್ಟನ್ನು ಕಟ್ಟಲಾಯಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಪ್ರದೇಶವನ್ನು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದುದರಿಂದ ಗಣಿಗೂ ವನಕ್ಕೂ ವಿರೋಧವುಂಟಾಯಿತು. ೨೦೦೨ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ಆದೇಶದ ಮೇರೆಗೆ ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿಗಾರಿಕೆ ನಿಂತಿತು. ಗಣಿ ನಿಂತರೂ ಅಣೆಕಟ್ಟು ಉಳಿಯಿತು. ಅದರ ಹಿಂದೆ ಕೆಸರೂ ಉಳಿಯಿತು. ಆ ಉದ್ಯಾನದಲ್ಲಿಯೇ ಮಲೆಕುಡಿಯರ ವಸತಿಗಳಿವೆ. ಗಣಿ ನಡೆದಾಗ ಕಂಪನಿಯ ನಿಯಮಕ್ಕೂ, ಅದು ನಿಂತ ಬಳಿಕ ಉದ್ಯಾನದ ನಿಯಮಕ್ಕೂ ಅವರು ಒಳಪಟ್ಟರು. ಇಲ್ಲಿಯ ಗಾಯ ಕೆಸರಿನದು. ಅದಕ್ಕೆ ಬೇಕಾದುದು ಕೊನೆಯಿಲ್ಲದ ಪಹರೆ.

ಮೂರನೆಯದು ಸಂಡೂರು. ಅಲ್ಲಿ ಕುಮಾರಸ್ವಾಮಿ ಬೆಟ್ಟ, ದೋಣಿಮಲೈ, ರಾಮನಮಲೈ ಮುಂತಾದ ಸಾಲುಗಳ ನೆತ್ತಿಯಲ್ಲಿಯೇ ಹೆಮಟೈಟ್ ಅದಿರು ಕೂಡಿದೆ. ರಂಧ್ರಗಳಿಂದ ಕೂಡಿದ ಈ ಅದಿರಿನ ಪದರವು ಮಳೆಯ ನೀರನ್ನು ಹೀರಿ ಹಿಡಿದುಕೊಂಡು, ಬೆಟ್ಟದ ಬುಡದ ಒರತೆಗಳಿಗೂ ಹಳ್ಳಗಳಿಗೂ ನಿಧಾನವಾಗಿ ಬಿಡುವುದು. ಅದಿರನ್ನು ತೆಗೆದಾಗ ನೀರನ್ನು ಹಿಡಿಯುವ ಭಾಗವೇ ಹೋಯಿತು. ಅದರೊಡನೆ ತೆಗೆದ ನಿರುಪಯುಕ್ತ ಮಣ್ಣುಕಲ್ಲುಗಳನ್ನು ಇಳಿಜಾರಿನಲ್ಲಿ ಸುರಿದುದರಿಂದ ಸಡಿಲವಾದ ದಿಬ್ಬಗಳಾದುವು. ಪ್ರತಿ ಮಳೆಗಾಲದಲ್ಲಿಯೂ ಕೆಂಪು ಹೂಳು ಹಳ್ಳವನ್ನಿಳಿದು ಹೊಲ ಕೆರೆಗಳನ್ನು ಹೊಕ್ಕಿತು. ಇದಲ್ಲದೆ ಅದಿರಿನ ಲಾರಿಗಳು ಎಬ್ಬಿಸಿದ ಧೂಳು ಹಾದಿಯ ಎರಡು ಕಡೆಯ ಪೈರಿನ ಮೇಲೆ ಕುಳಿತಿತು. ಇಲ್ಲಿಯ ಗಾಯ ಮುಖ್ಯವಾಗಿ ಹೂಳಿನದು ಮತ್ತು ನೀರಿನದು.

೪. ಸಂಡೂರಿನ ಪ್ರಕರಣದ ಕ್ರಮ

ಈ ಶತಮಾನದ ಮೊದಲ ದಶಕದಲ್ಲಿ ಚೀನದಿಂದ ಅದಿರಿಗೆ ಬೇಡಿಕೆ ಹೆಚ್ಚಿ ಬೆಲೆ ಏರಿದಾಗ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ಎಲ್ಲೆ ಮೀರಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ೨೦೦೮ರ ಡಿಸೆಂಬರಿನಲ್ಲಿ ಒಂದು ವರದಿಯನ್ನೂ ೨೦೧೧ರ ಜುಲೈಯಲ್ಲಿ ಎರಡನೆಯ ವರದಿಯನ್ನೂ ಸಲ್ಲಿಸಿದರು. ಈ ನಡುವೆ ಧಾರವಾಡದ ‘ಸಮಾಜ ಪರಿವರ್ತನ ಸಮುದಾಯ’ವು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತ್ತು. ೨೦೧೧ರ ಜುಲೈ ೨೯ರಂದು ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಉಳಿದ ಎರಡು ಜಿಲ್ಲೆಗಳಿಗೂ ಆ ಆದೇಶವನ್ನು ವಿಸ್ತರಿಸಿತು.

ಬಳಿಕ ಕೇಂದ್ರ ಸಶಕ್ತ ಸಮಿತಿಯು ೧೬೬ ಗುತ್ತಿಗೆಗಳನ್ನು ಅಳತೆ ಮಾಡಿಸಿ ಮೂರು ವರ್ಗಗಳಾಗಿ ವಿಂಗಡಿಸಿತು. ಅತಿಕ್ರಮವಿಲ್ಲದ ಅಥವಾ ಅತ್ಯಲ್ಪವಾದ ‘ಎ’ ವರ್ಗದಲ್ಲಿ ೪೫, ಮಧ್ಯಮ ಪ್ರಮಾಣದ ಅತಿಕ್ರಮವುಳ್ಳ ‘ಬಿ’ ವರ್ಗದಲ್ಲಿ ೭೨, ಘೋರ ಅತಿಕ್ರಮವುಳ್ಳ ‘ಸಿ’ ವರ್ಗದಲ್ಲಿ ೪೯ ಗುತ್ತಿಗೆಗಳು ಸೇರಿದುವು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಿಂದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದುವು. ‘ಬಿ’ ವರ್ಗದವರು ಅತಿಕ್ರಮಿಸಿ ತೋಡಿದ ಕುಳಿಗೆ ಹೆಕ್ಟೇರೊಂದಕ್ಕೆ ಐದು ಕೋಟಿ ರೂಪಾಯಿಯಂತೆಯೂ, ಅತಿಕ್ರಮಿಸಿ ದಿಬ್ಬ ಹಾಕಿದ ನೆಲಕ್ಕೆ ಒಂದು ಕೋಟಿಯಂತೆಯೂ ಪರಿಹಾರವನ್ನು ತೆರಬೇಕಾಯಿತು. ಬಳ್ಳಾರಿಗೆ ವರ್ಷಕ್ಕೆ ೨.೫ ಕೋಟಿ ಟನ್, ಉಳಿದ ಎರಡು ಜಿಲ್ಲೆಗಳಿಗೆ ಕೂಡಿ ೫೦ ಲಕ್ಷ ಟನ್ ಎಂಬ ಮಿತಿಯೂ ಏರ್ಪಟ್ಟಿತು. ಈ ಮಿತಿಯನ್ನು ೨೦೧೭ರಲ್ಲಿಯೂ ೨೦೨೨ರಲ್ಲಿಯೂ ಸಡಿಲಿಸಲಾಯಿತು.

ಅದೇ ೨೦೧೩ರ ಏಪ್ರಿಲ್ ೧೮ರಂದು ಅದೇ ನ್ಯಾಯಾಲಯವು ಒಡಿಶಾದ ನಿಯಮಗಿರಿಯ ಪ್ರಕರಣದಲ್ಲಿಯೂ ತೀರ್ಪಿತ್ತಿತೆಂಬುದು ಗಮನಾರ್ಹವಾದ ಸಂಗತಿ. ಅಲ್ಲಿ ಡೋಂಗ್ರಿಯಾ ಕೊಂದರ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯುವುದರಿಂದ ಅವರ ಧಾರ್ಮಿಕ ಮತ್ತು ಸಾಮುದಾಯಿಕ ಹಕ್ಕುಗಳಿಗೆ ಬಾಧೆಯಾಗುವುದೆ ಎಂಬುದನ್ನು ಗ್ರಾಮಸಭೆಗಳೇ ವಿಚಾರಿಸಬೇಕೆಂದು ನ್ಯಾಯಾಲಯ ಹೇಳಿತು. ಆ ವರ್ಷ ಸೇರಿದ ಹನ್ನೆರಡು ಗ್ರಾಮಸಭೆಗಳೂ ಗಣಿಯನ್ನು ಬೇಡವೆಂದುವು. ಒಂದೇ ದಿನದ ಎರಡು ತೀರ್ಪುಗಳಲ್ಲಿ ಒಂದು ಗ್ರಾಮಸಭೆಯನ್ನು ಕೇಳಿತು. ಇನ್ನೊಂದು ತಜ್ಞರ ಸಮಿತಿಯನ್ನು ಕೇಳಿತು. ಇದರಿಂದ ಎರಡನೆಯ ತೀರ್ಪು ಹೀನವಾದುದೆಂದು ನಾವು ಹೇಳುತ್ತಿಲ್ಲ. ಸಂಡೂರಿನಲ್ಲಿ ಬೆಟ್ಟ ಅದಾಗಲೇ ಒಡೆದಿತ್ತು. ಲೂಟಿಯನ್ನು ತಡೆಯುವುದೇ ಅಂದಿನ ತುರ್ತು. ಆದರೆ ಒಡೆದ ಬೆಟ್ಟವನ್ನು ಸರಿಪಡಿಸುವ ಘಟ್ಟದಲ್ಲಿ ಆ ತುರ್ತು ಇರುವುದಿಲ್ಲ. ಆಗ ಜನರನ್ನು ಕೇಳದಿರಲು ಕಾರಣವೂ ಇರುವುದಿಲ್ಲ.

೫. ಪುನಶ್ಚೇತನವು ನಡೆಯುವ ಬಗೆ

ಗಣಿಯನ್ನು ಪುನಃ ತೆರೆಯಬೇಕಾದರೆ ಪ್ರತಿ ಗುತ್ತಿಗೆಗೂ ಪ್ರತ್ಯೇಕವಾದ ಪುನಶ್ಚೇತನ ಯೋಜನೆಯಿರಬೇಕೆಂದು ನ್ಯಾಯಾಲಯ ವಿಧಿಸಿತು. ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಇವುಗಳನ್ನು ಸಿದ್ಧಪಡಿಸಿತು. ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು.

ಮೊದಲು, ಸಡಿಲ ದಿಬ್ಬದ ಕಡಿದಾದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಓರೆಯನ್ನು ತಗ್ಗಿಸುವರು; ಬುಡಕ್ಕೆ ಕಲ್ಲಿನ ತಡೆಗೋಡೆಯನ್ನು ಕಟ್ಟುವರು. ಎರಡನೆಯದಾಗಿ, ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆಯನ್ನು ಹಾಸಿ ಹುಲ್ಲಿನ ಬೀಜವನ್ನು ಬಿತ್ತುವರು. ನಾರು ಕೊಳೆಯುವುದರೊಳಗೆ ಹುಲ್ಲಿನ ಬೇರು ಮಣ್ಣನ್ನು ಹಿಡಿಯಬೇಕೆಂಬುದು ಉದ್ದೇಶ. ಮೂರನೆಯದಾಗಿ, ಕೊರಕಲುಗಳಿಗೆ ಕಲ್ಲಿನ ಅಡ್ಡಕಟ್ಟುಗಳನ್ನೂ ಹಳ್ಳಕ್ಕೆ ಒಡ್ಡುಗಳನ್ನೂ ಹೂಳು ತಂಗುವ ಹೊಂಡಗಳನ್ನೂ ರಚಿಸುವರು. ನಾಲ್ಕನೆಯದಾಗಿ, ಗಿಡಗಳನ್ನು ನೆಡುವರು. ಇದಕ್ಕೆ ಮುಂಚೆ ತೆಗೆದಿರಿಸಿದ ಮೇಲ್ಮಣ್ಣು ಬೇಕು. ಮೇಲ್ಮಣ್ಣನ್ನು ಆಗಲೇ ದಿಬ್ಬದಲ್ಲಿ ಬೆರೆಸಿಬಿಟ್ಟಿದ್ದರೆ ಗಿಡ ನೆಟ್ಟ ಲೆಕ್ಕ ಉಳಿಯುವುದೇ ಹೊರತು ಗಿಡ ಉಳಿಯುವುದು ಕಷ್ಟ.

ಈ ನಾಲ್ಕೂ ಕಾರ್ಯಗಳಲ್ಲಿ ಸ್ಥಳದ ತಿಳಿವಳಿಕೆಯಿಲ್ಲದೆ ನಡೆಯಬಲ್ಲುದು ಒಂದೂ ಇಲ್ಲ. ಹುಬ್ಬೆಯ ಮಳೆ ಬಿದ್ದಾಗ ಯಾವ ಕೊರಕಲಿನಲ್ಲಿ ನೀರು ಮೊದಲು ಇಳಿಯುವುದು, ಯಾವ ಒರತೆ ಬೇಸಗೆಯವರೆಗೆ ನಿಲ್ಲುತ್ತಿತ್ತು, ಕುರಿಯ ಹಿಂಡು ಯಾವ ದಾರಿಯಿಂದ ಮೇಲೇರುತ್ತಿತ್ತು, ಯಾವ ಹುಲ್ಲನ್ನು ದನ ಮುಟ್ಟುವುದಿಲ್ಲ ಎಂಬುದನ್ನು ನಕ್ಷೆ ಹೇಳಲಾರದು. ಅಲ್ಲಿ ಬಾಳಿದವನು ಹೇಳಬಲ್ಲ. ಒಡ್ಡನ್ನು ಸರಿಯಾದ ಸ್ಥಳದಿಂದ ಐವತ್ತು ಮಾರು ಆಚೆಗೆ ಕಟ್ಟಿದರೆ ಹೂಳು ಅದರ ಪಕ್ಕದಿಂದಲೇ ಹರಿದುಹೋಗಬಹುದು. ದನಕ್ಕೆ ಬೇಡವಾದ ಗಿಡವನ್ನೇ ಬೆಟ್ಟದ ತುಂಬ ನೆಟ್ಟರೆ ದೂರದಿಂದ ಹಸಿರು ಕಾಣುವುದು. ಆದರೆ ಕುರುಬನಿಗೆ ಆ ಬೆಟ್ಟ ಇನ್ನೂ ಬರಡಾಗಿಯೇ ಇರುವುದು. ೨೦೨೦ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿ ಮುಗಿದ ನೆಲದಲ್ಲಿ ಪ್ರಾಣಿಗಳಿಗೆ ಮೇವಾಗುವ ಹುಲ್ಲನ್ನು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸುವಂತೆ ಕೇಂದ್ರ ಸರಕಾರಕ್ಕೆ ಸೂಚಿಸಿದುದು ಈ ದೃಷ್ಟಿಯಿಂದ ಮಹತ್ವದ್ದು. ನೆಲ ಸರಿಯಾಯಿತೆ ಎಂಬುದನ್ನು ಅಳೆಯಲು ಅಲ್ಲಿ ಮೇವೇ ಅಳತೆಗೋಲಾಯಿತು.

೬. ಹಣ ಯಾರದು, ತೀರ್ಮಾನ ಯಾರದು

ಹಣದ ಕೊರತೆ ಸಂಡೂರಿನ ಸಮಸ್ಯೆಯಲ್ಲ. ಹರಾಜಾದ ಅದಿರಿನ ಬೆಲೆಯಲ್ಲಿ ಒಂದು ಭಾಗವನ್ನೂ ಪರಿಹಾರದ ಮೊತ್ತವನ್ನೂ ನ್ಯಾಯಾಲಯವು ಬೇರೆಯಾಗಿ ಇರಿಸಿತು. ಅದನ್ನು ವಿನಿಯೋಗಿಸಲು ೨೦೧೪ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ಸ್ಥಾಪಿತವಾಯಿತು. ಸುಮಾರು ೨೫ ಸಾವಿರ ಕೋಟಿ ರೂಪಾಯಿಗಳ ಸಮಗ್ರ ಪರಿಸರ ಯೋಜನೆಯ ವಿಚಾರ ಬಹುಕಾಲ ನ್ಯಾಯಾಲಯದ ಮುಂದೆ ಉಳಿದು, ೨೦೨೨ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ನೇಮಿಸಿ ಕಾರ್ಯಕ್ಕೆ ಅನುಮತಿ ದೊರೆಯಿತು. ಎಂದರೆ ಗಣಿ ನಿಂತ ವರ್ಷದಿಂದ ಎಣಿಸಿದರೆ ಹನ್ನೊಂದು ಮಳೆಗಾಲಗಳು ಕಳೆದುವು. ಹಣ ಬ್ಯಾಂಕಿನಲ್ಲಿ ಬೆಳೆಯುತ್ತಿದ್ದಾಗ ಹೂಳು ಕೆರೆಯಲ್ಲಿ ಬೆಳೆಯುತ್ತಿತ್ತು.

ಇದಲ್ಲದೆ ೨೦೧೫ರಲ್ಲಿ ಗಣಿ ಕಾಯಿದೆಗೆ ಆದ ತಿದ್ದುಪಡಿಯಿಂದ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನವು ಏರ್ಪಟ್ಟಿತು. ಹಳೆಯ ಗುತ್ತಿಗೆದಾರರು ರಾಜಧನದ ನೂರಕ್ಕೆ ಮೂವತ್ತರಷ್ಟನ್ನೂ, ಹರಾಜಿನಿಂದ ಗುತ್ತಿಗೆ ಪಡೆದ ಹೊಸಬರು ಹತ್ತರಷ್ಟನ್ನೂ ಇದಕ್ಕೆ ಕೊಡಬೇಕೆಂದು ಗೊತ್ತಾಯಿತು. ಈ ಹಣದ ಬಹುಭಾಗವನ್ನು ಕುಡಿಯುವ ನೀರು, ಪರಿಸರ ರಕ್ಷಣೆ, ಆರೋಗ್ಯ, ಶಿಕ್ಷಣ ಮೊದಲಾದ ಆದ್ಯತೆಗಳಿಗೆ ವೆಚ್ಚ ಮಾಡಬೇಕೆಂಬುದು ವಿಧಿ. ಅನುಸೂಚಿತ ಪ್ರದೇಶದ ಹಳ್ಳಿಯಾದರೆ ಗ್ರಾಮಸಭೆಯ ಒಪ್ಪಿಗೆ ಅವಶ್ಯ. ಕರ್ನಾಟಕದಲ್ಲಿ ಅಂತಹ ಪ್ರದೇಶವಿಲ್ಲದುದರಿಂದ ಈ ನಿಯಮದ ಆಸರೆ ಇಲ್ಲಿಯವರಿಗಿಲ್ಲ ಎಂಬುದನ್ನು ಮೇಲೆ ಹೇಳಿದುದರೊಡನೆ ಕೂಡಿಸಿಕೊಳ್ಳಬೇಕು.

ಇಲ್ಲಿಯೇ ತೊಡಕಿನ ಮೂಲವಿದೆ. ಗಣಿಬಾಧಿತ ಪ್ರದೇಶದ ಯೋಜನೆಯಲ್ಲಿ ರಸ್ತೆ, ರೈಲು, ಆಸ್ಪತ್ರೆ, ಶಾಲೆ, ವಸತಿ, ನೀರು, ಅರಣ್ಯ ಎಲ್ಲವೂ ಸೇರಿದೆ. ಇವೆಲ್ಲವೂ ಬೇಕಾದುವೇ, ಶಾಲೆ ಬೇಡವೆನ್ನುವವರು ಯಾರು? ಆದರೆ ಶಾಲೆ ರಸ್ತೆಗಳನ್ನು ಗಣಿಯಿಲ್ಲದ ಜಿಲ್ಲೆಗೂ ಸರಕಾರವೇ ಮಾಡಿಕೊಡಬೇಕು. ಗಣಿಯಿಂದ ಹೋದುದು ಒರತೆ, ಹುಲ್ಲು, ಹೊಲ. ಹೋದುದರ ಬದಲಿಗೆ ಬೇರೊಂದನ್ನು ಕೊಟ್ಟು ಲೆಕ್ಕವನ್ನು ಚುಕ್ತಾ ಮಾಡಬಹುದೆ ಎಂಬುದನ್ನು ಕಳೆದುಕೊಂಡವರೇ ಹೇಳಬೇಕು. ಹಣವು ಜನರ ಹೆಸರಿನಲ್ಲಿದ್ದು ತೀರ್ಮಾನವು ಅಧಿಕಾರಿಗಳ ಕೈಯಲ್ಲಿರುವಷ್ಟು ಕಾಲ ಅದನ್ನು ಉಪಕಾರವೆನ್ನಬಹುದು, ಸಹಭಾಗಿತ್ವವೆನ್ನಲಾಗದು.

ಹಳೆಯ ಬಾಧ್ಯತೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಕುದುರೆಮುಖದಲ್ಲಿ ಗಣಿ ನಡೆಸಿದ ಕಂಪನಿಗೇ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿಯನ್ನು ಕೊಡುವ ಪ್ರಸ್ತಾಪ ಬಂದಾಗ, ೨೦೨೪ರ ಜೂನಿನಲ್ಲಿ ರಾಜ್ಯದ ಅರಣ್ಯ ಸಚಿವರು ಕುದುರೆಮುಖದ ಬಾಕಿಗಳು ತೀರುವ ತನಕ ಅರಣ್ಯಭೂಮಿಯನ್ನು ಹಸ್ತಾಂತರಿಸಬಾರದೆಂದು ಸೂಚಿಸಿದರು. ಆ ವಾದದ ರಾಜಕೀಯವನ್ನು ನಾವು ವಿಚಾರಿಸಬೇಕಾಗಿಲ್ಲ. ಹಿಂದಿನ ಬೆಟ್ಟದ ಲೆಕ್ಕ ಮುಗಿಯದೆ ಮುಂದಿನ ಬೆಟ್ಟವಿಲ್ಲವೆಂಬ ತತ್ತ್ವವು ಮಾತ್ರ ಎಲ್ಲ ಗಣಿಗಾರರಿಗೂ ಸಮನಾಗಿ ಅನ್ವಯಿಸತಕ್ಕದ್ದು.

೭. ಹೊರನಾಡಿನ ಎರಡು ನಿದರ್ಶನಗಳು

ಆಸ್ಟ್ರೇಲಿಯಾದ ಉತ್ತರದಲ್ಲಿ ಮಿರಾರ್ ಎಂಬ ಮೂಲನಿವಾಸಿಗಳ ನೆಲದಲ್ಲಿ ರೇಂಜರ್ ಎಂಬ ಯುರೇನಿಯಂ ಗಣಿಯು ಅವರ ವಿರೋಧವನ್ನು ಮೀರಿ ಪ್ರಾರಂಭವಾಯಿತು. ೨೦೨೧ರ ಜನವರಿಯಲ್ಲಿ ಅದರ ಉತ್ಪಾದನೆ ನಿಂತಿತು. ಸುತ್ತಲಿನ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ ಹೊಂದುವಂತೆ ನೆಲವನ್ನು ಸರಿಪಡಿಸುವುದು ಕಂಪನಿಯ ಹೊಣೆ. ಮೊದಲು ೨೦೨೬ರೊಳಗೆ ಮುಗಿಯಬೇಕೆಂದಿದ್ದ ಕಾರ್ಯವು ಆ ಅವಧಿಯಲ್ಲಿ ಮುಗಿಯಲಾರದೆಂದು ಕಂಡುಬಂದುದರಿಂದ ೨೦೨೨ರಲ್ಲಿ ಕಾನೂನನ್ನೇ ತಿದ್ದಿ ಅವಧಿಯನ್ನು ಹೆಚ್ಚಿಸಲು ಅವಕಾಶ ಮಾಡಬೇಕಾಯಿತು. ಅದರ ಪಕ್ಕದ ಜಬಿಲುಕಾ ಗಣಿಯ ಕಥೆ ಬೇರೆ. ೧೯೯೮ರಲ್ಲಿ ಮಿರಾರರು ಅದನ್ನು ದೃಢವಾಗಿ ವಿರೋಧಿಸಿದರು. ತೋಡಿದ ಸುರಂಗವನ್ನು ೨೦೦೩ರಲ್ಲಿ ಮುಚ್ಚಲಾಯಿತು. ೨೦೦೫ರ ಒಪ್ಪಂದದಂತೆ ಅವರ ಒಪ್ಪಿಗೆಯಿಲ್ಲದೆ ಅಲ್ಲಿ ಗಣಿ ನಡೆಸುವಂತಿಲ್ಲವೆಂದು ಕಂಪನಿಯು ಒಪ್ಪಿತು. ಬೇಡವೆನ್ನುವ ಅಧಿಕಾರವುಳ್ಳವನ ಮಾತಿಗೆ ಸರಿಪಡಿಸುವ ಕಾಲದಲ್ಲಿಯೂ ಬೆಲೆಯಿರುವುದೆಂಬುದನ್ನು ಇದರಿಂದ ಅರಿಯಬಹುದು.

ಕೆನಡದ ಯೆಲ್ಲೋನೈಫ್ ನಗರದ ಬಳಿ ಜೈಂಟ್ ಎಂಬ ಚಿನ್ನದ ಗಣಿಯು ೧೯೪೮ರಿಂದ ೨೦೦೪ರವರೆಗೆ ನಡೆಯಿತು. ಅದಿರನ್ನು ಹುರಿದಾಗ ಹೊರಟ ಆರ್ಸೆನಿಕ್ ಟ್ರಯಾಕ್ಸೈಡ್ ಎಂಬ ವಿಷದ ಪುಡಿಯಲ್ಲಿ ಸುಮಾರು ೨,೩೭,೦೦೦ ಟನ್ ನೆಲದೊಳಗಿನ ಕೋಣೆಗಳಲ್ಲಿ ಉಳಿದಿದೆ. ಅಲ್ಲಿಯ ಡೆನೆ ಜನರು ಹಿಮವನ್ನು ಕರಗಿಸಿ ಕುಡಿಯುತ್ತಿದ್ದವರು. ೧೯೫೧ರಲ್ಲಿ ಆ ನೀರಿನಿಂದ ಒಂದು ಮಗು ಮರಣಹೊಂದಿತು. ಕಂಪನಿ ದಿವಾಳಿಯಾದುದರಿಂದ ಹೊಣೆ ಸರಕಾರದ ಮೇಲೆ ಬಿದ್ದಿತು. ಆ ಪುಡಿಯನ್ನು ಹೊರತೆಗೆಯುವುದು ಅಪಾಯಕರವಾದುದರಿಂದ ಕೋಣೆಗಳ ಸುತ್ತಣ ಬಂಡೆಯನ್ನು ಹೆಪ್ಪುಗಟ್ಟಿಸಿ ಕಾಯುವ ಉಪಾಯವನ್ನು ಕೈಕೊಳ್ಳಲಾಗಿದೆ. ೨೦೧೫ರ ಒಪ್ಪಂದದಲ್ಲಿ ಸರಕಾರಗಳೊಡನೆ ಡೆನೆ ಜನರೂ ಸಹಿ ಹಾಕಿದರು. ಕಾರ್ಯವನ್ನು ಪರೀಕ್ಷಿಸಿ ಬಹಿರಂಗವಾಗಿ ವರದಿ ಮಾಡುವ ಸ್ವತಂತ್ರ ಮಂಡಲಿಯೊಂದು ಏರ್ಪಟ್ಟಿತು. ಕೋಲಾರದ ದಿಬ್ಬಗಳ ಕೆಳಗೆ ಬಾಳುವವರಿಗೆ ಈ ನಿದರ್ಶನ ಹತ್ತಿರದ್ದು.

೮. ಸಹಭಾಗಿತ್ವದ ಲಕ್ಷಣಗಳು

ಮೇಲಿನ ವಿವೇಚನೆಯಿಂದ ನಿಜವಾದ ಸಹಭಾಗಿತ್ವಕ್ಕೆ ಐದು ಲಕ್ಷಣಗಳನ್ನು ಹೇಳಬಹುದಾಗಿದೆ.

ಒಂದು, ಯೋಜನೆಯನ್ನು ಬರೆಯುವ ಮುನ್ನವೇ ಗ್ರಾಮಸಭೆಯು ಸೇರಬೇಕು. ಸಿದ್ಧವಾದ ನಕ್ಷೆಯನ್ನು ಓದಿ ಹೇಳುವುದು ಸಮಾಲೋಚನೆಯಲ್ಲ. ಎರಡು, ಸರಿಪಡಿಸುವ ಹಣವು ಗಣಿ ನಡೆಯುತ್ತಿರುವಾಗಲೇ ಪ್ರತ್ಯೇಕ ಖಾತೆಗೆ ಸೇರಬೇಕು. ಲಾಭ ಹೋದ ಮೇಲೆ ಕಂಪನಿಯೂ ಹೋಗಬಹುದೆಂಬುದಕ್ಕೆ ಜೈಂಟ್ ಗಣಿಯೇ ಸಾಕ್ಷಿ. ಮೂರು, ಅಳತೆಯ ಕಾರ್ಯದಲ್ಲಿ ಊರವರಿಗೆ ಪಾಲಿರಬೇಕು. ಕೆರೆಯ ಹೂಳು, ಬಾವಿಯ ನೀರಿನ ಮಟ್ಟ, ನೆಟ್ಟ ಗಿಡಗಳಲ್ಲಿ ಬದುಕಿದವೆಷ್ಟು ಎಂಬ ಲೆಕ್ಕವನ್ನು ಊರಿನ ತರುಣರೇ ಬರೆದಿಡಬಹುದು. ಅದು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ನಾಲ್ಕು, ಕಂಪನಿಗೂ ಇಲಾಖೆಗೂ ಊರಿಗೂ ಸೇರದ ಸ್ವತಂತ್ರ ಪರೀಕ್ಷಕರಿರಬೇಕು. ಐದು, ಆರೈಕೆಯ ಅವಧಿಯು ಗುತ್ತಿಗೆಯ ಅವಧಿಯನ್ನು ಮೀರಿರಬೇಕು. ಲಕ್ಯಾ ಅಣೆಕಟ್ಟಿಗೆ ಕಂಪನಿಯ ಕಡತದಲ್ಲಿ ಕೊನೆಯ ದಿನವಿರಬಹುದು. ಮಳೆಗೆ ಅಂತಹ ದಿನವಿಲ್ಲ.

ಇದಕ್ಕೆ ಎದುರಾಗಿ ಒಂದು ಆಕ್ಷೇಪವನ್ನು ಹೇಳುವುದುಂಟು. ಗಣಿಯ ಸುತ್ತಿನ ಊರುಗಳಲ್ಲಿ ಲಾರಿ ಇಟ್ಟವರೂ ಗಣಿ ಕೂಲಿಗಳೂ ಗುತ್ತಿಗೆ ಕೆಲಸದವರೂ ಇದ್ದಾರೆ. ಗ್ರಾಮಸಭೆಯ ಮನಸ್ಸು ಒಂದೇ ಆಗಿರುವುದಿಲ್ಲ. ಬಲವುಳ್ಳವರೇ ಅಲ್ಲಿ ಮಾತಾಡುವರು, ಎಂದು. ಈ ಆಕ್ಷೇಪದಲ್ಲಿ ಹುರುಳಿದೆ. ಗಣಿ ನಿಂತಾಗ ಕೂಲಿ ತಪ್ಪಿದವನ ಕಷ್ಟವೂ ಕಷ್ಟವೇ. ಆದರೆ ಒಡ್ಡು ಕಟ್ಟುವುದು, ಹುಲ್ಲು ಬಿತ್ತುವುದು, ಸಸಿಮಡಿ ಮಾಡುವುದು, ಹೂಳೆತ್ತುವುದು ಇವೆಲ್ಲವೂ ವರ್ಷಗಟ್ಟಲೆ ನಡೆಯಬೇಕಾದ ಕೂಲಿಯ ಕೆಲಸಗಳೇ. ಬೆಟ್ಟವನ್ನು ಅಗೆದ ಕೈಗೇ ಅದನ್ನು ಕಟ್ಟುವ ಕೆಲಸವನ್ನು ಕೊಟ್ಟರೆ ಊರಿನ ಒಡಕು ಸ್ವಲ್ಪಮಟ್ಟಿಗಾದರೂ ಕಡಮೆಯಾದೀತು. ಇನ್ನು ಬಲವುಳ್ಳವರ ಮಾತಿನ ಭಯವಿದ್ದರೆ, ತಾಂಡಾ ಹಟ್ಟಿಗಳ ಸಭೆಯನ್ನು ಬೇರೆಯಾಗಿ ಸೇರಿಸಬೇಕು. ಸಭೆಯನ್ನೇ ಕೈಬಿಡುವುದು ಅದಕ್ಕೆ ಮದ್ದಲ್ಲ.

೯. ನಮ್ಮ ಸೀಮೆಗೆ ಅನ್ವಯ

ಈ ವಿಚಾರ ಬಾಗಲಕೋಟೆ ಜಿಲ್ಲೆಗೆ ದೂರದ್ದೆಂದು ತಿಳಿಯಲಾಗದು. ಭೂವಿಜ್ಞಾನದಲ್ಲಿ ಕಲಾದಗಿಯ ಹೆಸರನ್ನು ಪಡೆದ ಶಿಲಾಸಮೂಹವು ಮುಧೋಳ, ಲೋಕಾಪುರ, ಬಾಗಲಕೋಟೆಗಳ ಸುತ್ತಿನಲ್ಲಿ ಹರಡಿದೆ. ಅದರ ಸುಣ್ಣದಕಲ್ಲು ಸಿಮೆಂಟಿನ ಕಾರ್ಖಾನೆಗಳಿಗೆ ಆಧಾರ. ಸುಣ್ಣದಕಲ್ಲಿನ ಕುಳಿಗಳು ಸಂಡೂರಿನ ಬೆಟ್ಟದಂತೆ ಹೂಳನ್ನು ಸುರಿಸುವುದಿಲ್ಲ; ಆದರೆ ಸುತ್ತಲಿನ ಬಾವಿಗಳ ಮಟ್ಟಕ್ಕೂ ಗಾಳಿಯ ಧೂಳಿಗೂ ಅವುಗಳಿಗೂ ಸಂಬಂಧವುಂಟು. ಗಣಿ ಮುಗಿದ ಕುಳಿಯನ್ನು ಕೆರೆಯಾಗಿಸಬೇಕೆ, ತುಂಬಿ ಮೇವಿನ ನೆಲವಾಗಿಸಬೇಕೆ ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳತಕ್ಕದ್ದು. ಅದಕ್ಕೆ ಉತ್ತರವನ್ನು ಕೊಡಬೇಕಾದವರಲ್ಲಿ ಆ ಊರುಗಳ ಬೇಡರೂ ಕುರುಬರೂ ಒಕ್ಕಲಿಗರೂ ಸೇರಿರಬೇಕು. ಮುಧೋಳ ಸೀಮೆಯ ಹಲಗಲಿಯ ಬೇಡರು ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಶಾಸನವನ್ನು ಪ್ರತಿಭಟಿಸಿದುದು ಪ್ರಸಿದ್ಧವಾಗಿದೆ. ತಮ್ಮ ಬಾಳಿಗೆ ಸಂಬಂಧಿಸಿದ ವಿಷಯವನ್ನು ತಮ್ಮನ್ನು ಕೇಳದೆ ಗೊತ್ತುಪಡಿಸಿದರೆ ಆಗುವ ನೋವು ಈ ಸೀಮೆಗೆ ಹೊಸದಲ್ಲ. ಆಲಮಟ್ಟಿಯ ಹಿನ್ನೀರಿನ ಜನಕ್ಕೂ ಅದು ಗೊತ್ತು.

ಈ ಕಾರ್ಯದಲ್ಲಿ ಕಾಲೇಜುಗಳ ಪಾಲು ಸಣ್ಣದಲ್ಲ. ಭೂಗೋಳ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಸಮಾಜಶಾಸ್ತ್ರಗಳ ಅಧ್ಯಾಪಕರು ಕೂಡಿ ಒಂದು ಕುಳಿಯನ್ನೂ ಅದರ ಸುತ್ತಲಿನ ಮೂರು ನಾಲ್ಕು ಊರುಗಳನ್ನೂ ಆರಿಸಿಕೊಂಡು, ವರ್ಷಕ್ಕೆರಡು ಸಲ ಬಾವಿಗಳನ್ನು ಅಳೆದು, ಮೇವಿನ ಹುಲ್ಲುಗಳ ಪಟ್ಟಿಯನ್ನು ಮಾಡಿ, ಹಿರಿಯರಿಂದ ಹಳ್ಳ ಒರತೆಗಳ ಹೆಸರನ್ನು ಕೇಳಿ ಬರೆದಿಡಬಹುದು. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಹಗ್ಗ, ಅಳತೆಪಟ್ಟಿ, ದಿನಚರಿಯ ಪುಸ್ತಕ ಮತ್ತು ತಾಳ್ಮೆ ಸಾಕು. ಗಣಿ ಮುಚ್ಚುವ ದಿನ ಬಂದಾಗ, ಈ ನೆಲ ಹಿಂದೆ ಹೇಗಿತ್ತು ಎಂದು ಕೇಳುವವರಿಗೆ ತೋರಿಸಲು ಕಂಪನಿಯ ಕಾಗದದ ಜೊತೆಗೆ ಊರಿನ ಕಾಗದವೂ ಇರಬೇಕು. ಅಂತಹ ಕಾಗದವಿದ್ದ ಊರು ಮಾತುಕತೆಗೆ ಕುಳಿತಾಗ ಬೇಡುವವನಂತೆ ಕುಳಿತುಕೊಳ್ಳಬೇಕಾಗುವುದಿಲ್ಲ. ಈ ದಿಶೆಯಲ್ಲಿ ನಮ್ಮ ವಿದ್ಯಾರ್ಥಿಗಳು ಅಭ್ಯಾಸವನ್ನು ಕೈಕೊಳ್ಳಲೆಂದು ಹಾರೈಸುತ್ತೇವೆ.